ಹೆಚ್ಚಿಗೆ ಖರ್ಚಾದರೆ ಯಾರು ಕೊಡಬೇಕು?



ಸದಯ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠವಾಗಿದೆ. ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ, ಬಲಿಪೂಜೆಯ ಪ್ರಬೋಧನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಕಂಡು ಯಾಜಕನು ಆಚೆ ಬದಿಯಿಂದ ಹೊರಟುಹೋದ, ಲೇವಿಯನೂ ಹಾಗೆಯೇ ಹೋದ. ಪರಜಾತಿಯವನಾದ ಸಮಾರಿಯದವನು ಮಾತ್ರ ನಿಂತ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ. ಸಾಮಾನ್ಯವಾಗಿ ನಮ್ಮ ಧ್ಯಾನ ಇಲ್ಲಿಗೆ ನಿಂತುಬಿಡುತ್ತದೆ. ದಾರಿಯಲ್ಲಿ ನಿಲ್ಲಬೇಕು, ಕನಿಕರ ತೋರಬೇಕು ಎಂಬ ನೀತಿಯನ್ನು ಹೇಳಿ ಮುಗಿಸುತ್ತೇವೆ.

ಆದರೆ ಪ್ರಭು ಯೇಸು ಕಥೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದೆ ಒಂದು ಛತ್ರ ಬರುತ್ತದೆ, ಛತ್ರದ ಯಜಮಾನ ಬರುತ್ತಾನೆ, ಹಣದ ಮಾತೂ ಬರುತ್ತದೆ. ಸಮಾರಿಯದವನು ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಅದು ಆ ಕಾಲದಲ್ಲಿ ಎರಡು ದಿನದ ಕೂಲಿ. ಕೊಟ್ಟು ಸುಮ್ಮನಾಗುವುದಿಲ್ಲ. ಇದಕ್ಕಿಂತ ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಅದನ್ನೂ ತೀರಿಸುವುದಾಗಿ ಮಾತು ಕೊಡುತ್ತಾನೆ. ರೋಗಿಯ ಖರ್ಚು ಎಷ್ಟಾಗುತ್ತದೆಂದು ಯಾರೂ ಮೊದಲೇ ಹೇಳಲಾರರು ಎಂಬುದು ಅವನಿಗೆ ಗೊತ್ತಿತ್ತು. ಗಾಯಾಳುವಿನ ಕೈಯಲ್ಲಿ ಕಾಸಿಲ್ಲ ಎಂಬುದೂ ಗೊತ್ತಿತ್ತು.

ಈ ಎರಡು ನಾಣ್ಯ ಮತ್ತು ಆ ಮಾತು ಕೆಲವು ವರ್ಷಗಳ ಹಿಂದೆ ನನ್ನ ಮನಸ್ಸನ್ನು ಹಿಡಿದುಕೊಂಡವು. ಕಾರಣ, ದೂರದ ಆಸ್ಟ್ರೇಲಿಯಾದಿಂದ ಬಂದ ಒಂದು ಫೋನ್ ಕರೆ.

ಒಂದು ಫೋನ್ ಕರೆ

ನನ್ನ ಅಕ್ಕನ ಮಗಳು ಮದುವೆಯಾಗಿ ಮೆಲ್ಬರ್ನ್ ನಗರದ ಹೊರವಲಯದಲ್ಲಿದ್ದಾಳೆ. ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ. 2019ರಲ್ಲಿ ಚೊಚ್ಚಲ ಬಸುರಿ. ಆ ಹೊತ್ತಿಗೆ ಅವರಿಗೆ ಅಲ್ಲಿ ಖಾಯಂ ವಾಸದ ಅನುಮತಿ ಸಿಕ್ಕಿತ್ತು, ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರಿನ ಕಾರ್ಡೂ ಕೈಸೇರಿತ್ತು. ಐದನೇ ತಿಂಗಳು ನಡೆಯುತ್ತಿದ್ದಾಗ ವೈದ್ಯರು ಮಗುವಿನ ಅಂಗಾಂಗಗಳನ್ನೆಲ್ಲ ನೋಡುವ ಸ್ಕ್ಯಾನಿಂಗ್ ಬರೆದುಕೊಟ್ಟರು. ಹತ್ತಿರದ ಸ್ಕ್ಯಾನಿಂಗ್ ಕೇಂದ್ರದಲ್ಲಿ ವಿಚಾರಿಸಿದರೆ, ಸರ್ಕಾರದ ದರಪಟ್ಟಿಯಲ್ಲಿದ್ದುದರ ಎರಡು ಪಟ್ಟಿಗೂ ಹೆಚ್ಚು ಶುಲ್ಕ. ಅದನ್ನು ಮೊದಲು ಪೂರ್ತಿಯಾಗಿ ಕಟ್ಟಬೇಕು, ಆಮೇಲೆ ಒಂದು ಪಾಲು ಸರ್ಕಾರದಿಂದ ವಾಪಸು ಬರುತ್ತದೆ. ಅದೇ ತಿಂಗಳು ಅವಳ ಗಂಡನ ಕೆಲಸ ಹೋಗಿತ್ತು.

“ಚಿಕ್ಕಮ್ಮ, ಕಾರ್ಡ್ ಇದೆ. ಆದರೆ ಕೌಂಟರಿನ ಮುಂದೆ ನಿಂತಾಗ ಕೈಯಲ್ಲಿ ದುಡ್ಡಿರಲಿಲ್ಲ. ಮುಂದಿನ ಸಂಬಳ ಬರಲಿ ಅಂತ ಎದ್ದು ಬಂದೆ,” ಎಂದಳು.

ಹದಿನೈದು ದಿನಕ್ಕೊಮ್ಮೆ ಸಂಬಳ. ಆ ಹದಿನೈದು ದಿನ ಅವಳು ನಿದ್ದೆ ಮಾಡಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ರೈಲಿನಲ್ಲಿ ಒಂದು ಗಂಟೆ ದೂರ ಹೋಗಿ, ರೋಗಿಯಿಂದ ಏನೂ ತೆಗೆದುಕೊಳ್ಳದ ಕೇಂದ್ರವೊಂದರಲ್ಲಿ 21ನೇ ವಾರದಲ್ಲಿ ಸ್ಕ್ಯಾನಿಂಗ್ ಮಾಡಿಸಿದಳು. ದೇವರ ದಯೆಯಿಂದ ಮಗು ಚೆನ್ನಾಗಿತ್ತು. ಕಥೆಯಲ್ಲಿ ದುರಂತವೇನೂ ಇಲ್ಲ. ಆದರೂ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: “ಚಿಕ್ಕಮ್ಮ, ನನಗೆ ಯಾರಿಂದಲೂ ಅನ್ಯಾಯ ಆಗಿಲ್ಲ. ಡಾಕ್ಟರು ಒಳ್ಳೆಯವರು. ಕೇಂದ್ರದವರು ಮರ್ಯಾದೆಯಿಂದಲೇ ಮಾತಾಡಿದರು. ಸರ್ಕಾರ ಕೊಡಬೇಕಾದ್ದನ್ನು ಕೊಡ್ತಾ ಇದೆ. ಹಾಗಾದ್ರೆ ತಪ್ಪು ಎಲ್ಲಿದೆ?”

ಯಾರೂ ಕೈಯೆತ್ತಿ ಹೊಡೆಯದಿದ್ದರೂ ಒಬ್ಬ ತಾಯಿಗೆ ಪೆಟ್ಟು ಬಿದ್ದಿದೆ. ಹೀಗಾದಾಗ ಅದನ್ನು ಪಾಪವೆನ್ನಬಹುದೇ? ಅನ್ನುವುದಾದರೆ ಅದು ಯಾರ ಪಾಪ?

ನಿಂತುಹೋದ ಅಂಕಿ

ಮೊದಲು ಆ ದೇಶದ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಆಸ್ಟ್ರೇಲಿಯಾದಲ್ಲಿ 1975ರಲ್ಲಿ ಮೆಡಿಬ್ಯಾಂಕ್ ಎಂಬ ಹೆಸರಿನಲ್ಲಿ ಸರ್ವರಿಗೂ ಆರೋಗ್ಯ ವಿಮೆ ಆರಂಭವಾಯಿತು. ಮುಂದಿನ ಸರ್ಕಾರ ಅದನ್ನು ಬಹುಮಟ್ಟಿಗೆ ಬಿಚ್ಚಿಹಾಕಿತು. 1984ರ ಫೆಬ್ರುವರಿ 1ರಂದು ಅದೇ ಕಲ್ಪನೆ ಮೆಡಿಕೇರ್ ಎಂಬ ಹೆಸರಿನಲ್ಲಿ ಮತ್ತೆ ಬಂತು. ದುಡಿಯುವವರು ತಮ್ಮ ಆದಾಯದಲ್ಲಿ ಒಂದು ಪಾಲನ್ನು ಇದಕ್ಕೆ ಸುಂಕವಾಗಿ ಕೊಡುತ್ತಾರೆ. 2014ರಿಂದ ಅದು ನೂರಕ್ಕೆ 2ರಷ್ಟು. ತೀರಾ ಕಡಿಮೆ ಆದಾಯದವರಿಗೆ ವಿನಾಯಿತಿ ಇದೆ. ಉಳಿದ ಖರ್ಚನ್ನು ಸರ್ಕಾರದ ಸಾಮಾನ್ಯ ಬೊಕ್ಕಸ ಭರಿಸುತ್ತದೆ.

ಪ್ರತಿಯೊಂದು ಚಿಕಿತ್ಸೆಗೂ, ಪರೀಕ್ಷೆಗೂ ಸರ್ಕಾರ ಒಂದು ದರ ಗೊತ್ತುಮಾಡಿದೆ. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಸ್ಕ್ಯಾನಿಂಗಿಗೆ ಆ ದರದ ನೂರಕ್ಕೆ 85 ಪಾಲು ರೋಗಿಗೆ ಮರುಪಾವತಿಯಾಗುತ್ತದೆ. ಆದರೆ ಸ್ಕ್ಯಾನಿಂಗ್ ಕೇಂದ್ರ ಎಷ್ಟು ಶುಲ್ಕ ಕೇಳಬೇಕೆಂದು ಸರ್ಕಾರ ಹೇಳುವುದಿಲ್ಲ. 1946ರಲ್ಲಿ ಜನಮತದ ಮೂಲಕ ಅಲ್ಲಿನ ಸಂವಿಧಾನಕ್ಕೆ ತಿದ್ದುಪಡಿಯಾದಾಗ, ವೈದ್ಯಕೀಯ ಸೇವೆಗೆ ಹಣ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ಆದರೆ ವೈದ್ಯರನ್ನು ಬಲವಂತದ ದುಡಿಮೆಗೆ ಹಚ್ಚಬಾರದೆಂಬ ಷರತ್ತೂ ಜೊತೆಗೇ ಬಂತು. ಆದ್ದರಿಂದ ಅಲ್ಲಿ ಸರ್ಕಾರ ತನ್ನ ಪಾಲನ್ನು ಮಾತ್ರ ನಿರ್ಧರಿಸುತ್ತದೆ. ಶುಲ್ಕಕ್ಕೂ ಆ ಪಾಲಿಗೂ ನಡುವಿನ ಅಂತರವನ್ನು ರೋಗಿ ತನ್ನ ಕೈಯಿಂದ ತುಂಬಬೇಕು. ಕೇಂದ್ರದವರು ಮನಸ್ಸು ಮಾಡಿ ಸರ್ಕಾರದ ಪಾಲಷ್ಟೇ ಸಾಕೆಂದು ಒಪ್ಪಿಕೊಂಡರೆ ರೋಗಿ ಒಂದು ಕಾಸೂ ಕೊಡಬೇಕಾಗಿಲ್ಲ. ಇದನ್ನು ಅಲ್ಲಿ ಬಲ್ಕ್ ಬಿಲ್ಲಿಂಗ್ ಎನ್ನುತ್ತಾರೆ.

ಈಗ ನಮ್ಮ ಹುಡುಗಿಯ ಸ್ಕ್ಯಾನಿಂಗಿಗೆ ಬರೋಣ. ಆಗ ಸರ್ಕಾರದ ದರಪಟ್ಟಿಯಲ್ಲಿ ಅದಕ್ಕೆ 100 ಡಾಲರ್. ಮರುಪಾವತಿ 85 ಡಾಲರ್. ಕೇಳುವುದಕ್ಕೆ ಉದಾರವಾಗಿಯೇ ಇದೆ. ತೊಂದರೆ ಇರುವುದು ಬೇರೆ ಕಡೆ. 1998ರಿಂದ 2020ರವರೆಗೆ, ಇಪ್ಪತ್ತೆರಡು ವರ್ಷ, ಎಕ್ಸರೇ ಮತ್ತು ಸ್ಕ್ಯಾನಿಂಗ್ ದರಗಳನ್ನು ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷ ಏರಿಸುವ ಪದ್ಧತಿಯೇ ಇರಲಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ದರ ತಿದ್ದಿದ್ದುಂಟು. ಆದರೆ ಒಟ್ಟಾರೆ ಅಂಕಿ ನಿಂತಲ್ಲೇ ನಿಂತಿತ್ತು. ಅಷ್ಟರಲ್ಲಿ ಆ ದೇಶದಲ್ಲಿ ಬದುಕಿನ ಖರ್ಚು ಒಂದೂವರೆ ಪಟ್ಟನ್ನೂ ಮೀರಿತ್ತು. ಕಟ್ಟಡದ ಬಾಡಿಗೆ, ಯಂತ್ರದ ಬೆಲೆ, ಯಂತ್ರ ನಡೆಸುವವರ ಸಂಬಳ, ಎಲ್ಲವೂ ಏರಿದವು. ಅಂತರ ಅಗಲವಾಗುತ್ತ ಹೋಯಿತು. ಆ ಅಂತರದಲ್ಲಿ ಬಿದ್ದವರು ಕೈಯಲ್ಲಿ ಕಾಸಿಲ್ಲದವರು.

ಈ ನಡುವೆ ಸರ್ಕಾರಗಳು ಏನೂ ಮಾಡಲಿಲ್ಲವೆಂದಲ್ಲ. 2009ರ ನವೆಂಬರಿನಿಂದ, ರೋಗಿಯಿಂದ ಏನೂ ತೆಗೆದುಕೊಳ್ಳದ ಕೇಂದ್ರಗಳಿಗೆ ಸ್ಕ್ಯಾನಿಂಗಿನ ದರದ ನೂರಕ್ಕೆ 85ರ ಬದಲು 95 ಪಾಲು ಕೊಡಲಾಯಿತು. ನಮ್ಮ ಹುಡುಗಿಗೆ ಕೊನೆಗೂ ಪುಕ್ಕಟೆಯಾಗಿ ಸ್ಕ್ಯಾನಿಂಗ್ ಆದದ್ದು ಈ ಪ್ರೋತ್ಸಾಹದ ಬಲದಿಂದ. ಆದರೆ 2014ರ ಬಜೆಟ್‌ನಲ್ಲಿ ವೈದ್ಯರ ಭೇಟಿಗೂ ಇಂಥ ಪರೀಕ್ಷೆಗಳಿಗೂ ರೋಗಿ ತಲಾ 7 ಡಾಲರ್ ಕೊಡಬೇಕೆಂಬ ಪ್ರಸ್ತಾಪ ಬಂತು. ಜನ ಒಪ್ಪಲಿಲ್ಲ, ಸರ್ಕಾರ ಅದನ್ನು ಕೈಬಿಟ್ಟಿತು. 2015ರ ಡಿಸೆಂಬರಿನಲ್ಲಿ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗಿನ ಪ್ರೋತ್ಸಾಹಧನಕ್ಕೆ ಕತ್ತರಿ ಹಾಕುವ ಯೋಜನೆ ಪ್ರಕಟವಾಯಿತು. ಅದರ ಮೇಲೂ ದೊಡ್ಡ ವಿವಾದವೆದ್ದು, 2017ರ ಬಜೆಟ್‌ನಲ್ಲಿ ಪ್ರೋತ್ಸಾಹಧನವನ್ನು ಉಳಿಸಿಕೊಳ್ಳಲಾಯಿತು. ಕೊನೆಗೆ 2020ರ ಜುಲೈ 1ರಿಂದ ಸ್ಕ್ಯಾನಿಂಗಿನ ದರವನ್ನು ವರ್ಷವರ್ಷ ಏರಿಸುವ ಪದ್ಧತಿ ಮತ್ತೆ ಬಂತು. ಮೊದಲ ಏರಿಕೆ ನೂರಕ್ಕೆ ಒಂದೂವರೆಯಷ್ಟು. ನಿಂತುಹೋಗಿದ್ದ ಇಪ್ಪತ್ತೆರಡು ವರ್ಷಗಳ ಬಾಕಿ ತುಂಬಿ ಬರಲಿಲ್ಲ.

ಮಾಡದೆ ಬಿಟ್ಟ ಪಾಪ

ಇಲ್ಲಿ ನಾವು ನಿಂತು ಯೋಚಿಸಬೇಕು. ಏಳು ಡಾಲರ್ ಕೇಳಿದಾಗ ದೇಶವೇ ಎದ್ದು ನಿಂತಿತು. ಪ್ರೋತ್ಸಾಹಧನ ಕಡಿಯಲು ಹೊರಟಾಗಲೂ ಗದ್ದಲವಾಯಿತು. ಆದರೆ ಇಪ್ಪತ್ತೆರಡು ವರ್ಷ ಅಂಕಿ ಅಲ್ಲಾಡದೆ ನಿಂತಾಗ ಅಷ್ಟು ದೊಡ್ಡ ಕೂಗು ಏಳಲಿಲ್ಲ. ಏಕೆ? ಕಿತ್ತುಕೊಳ್ಳುವುದು ಕಣ್ಣಿಗೆ ಕಾಣುತ್ತದೆ, ಕೊಡದೆ ಇರುವುದು ಕಾಣುವುದಿಲ್ಲ.

ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಒಬ್ಬ ಮಗ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ. ಹಳ್ಳಿಯಲ್ಲಿರುವ ತಾಯಿಗೆ ತಿಂಗಳಿಗೆ ಐನೂರು ರೂಪಾಯಿ ಕಳಿಸುವುದಾಗಿ ಮಾತು ಕೊಟ್ಟ. ಆಗ ಐನೂರು ರೂಪಾಯಿಗೆ ಅಕ್ಕಿ, ಬೇಳೆ, ಔಷಧಿ ಎಲ್ಲ ಬಂದು, ಭಾನುವಾರ ಕಾಣಿಕೆ ಡಬ್ಬಿಗೆ ಹಾಕಲೂ ಉಳಿಯುತ್ತಿತ್ತು. ಇಪ್ಪತ್ತು ವರ್ಷ ಕಳೆಯಿತು. ಮಗನ ಸಂಬಳ ಹತ್ತು ಪಟ್ಟಾಯಿತು. ತಾಯಿಗೆ ಈಗಲೂ ತಪ್ಪದೆ ಐನೂರು ರೂಪಾಯಿ ಹೋಗುತ್ತಿದೆ. ಯಾರಾದರೂ ಕೇಳಿದರೆ, “ಒಂದು ತಿಂಗಳೂ ತಪ್ಪಿಸಿಲ್ಲ, ಒಂದು ರೂಪಾಯಿಯೂ ಕಡಿಮೆ ಮಾಡಿಲ್ಲ,” ಎನ್ನುತ್ತಾನೆ. ಅವನು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅವನು ಮಾತು ಉಳಿಸಿಕೊಂಡಿದ್ದಾನೆಂದು ನಮ್ಮಲ್ಲಿ ಯಾರಾದರೂ ಒಪ್ಪುತ್ತೇವೆಯೇ?

ಒಪ್ಪುವುದಿಲ್ಲ. ಏಕೆಂದರೆ ಅವನು ಮಾತು ಕೊಟ್ಟದ್ದು ಅಂಕಿಗೆ ಅಲ್ಲ, ತಾಯಿಗೆ. ತಾಯಿಯ ಹೊಟ್ಟೆಬಟ್ಟೆ ನೋಡಿಕೊಳ್ಳುತ್ತೇನೆಂಬುದು ಆ ಮಾತಿನ ಜೀವ. ಐನೂರು ರೂಪಾಯಿ ಅದರ ಅಂದಿನ ಉಡುಪು. ಉಡುಪನ್ನು ಕಾಪಾಡಿ ಜೀವವನ್ನು ಬಿಟ್ಟರೆ ಮಾತು ಉಳಿಯುವುದಿಲ್ಲ.

“ಬೆಲೆ ಏರಿಸಿದ್ದು ಮಗನಲ್ಲವಲ್ಲ, ಅದು ಮಾರುಕಟ್ಟೆಯ ಕೆಲಸ,” ಎಂದು ಯಾರಾದರೂ ವಾದಿಸಬಹುದು. ನಿಜ. ದಾರಿಹೋಕನನ್ನು ಹೊಡೆದು ಬೀಳಿಸಿದ್ದೂ ಯಾಜಕನಲ್ಲ, ಲೇವಿಯನಲ್ಲ. ಅವರು ಒಂದು ಕಲ್ಲನ್ನೂ ಎಸೆಯಲಿಲ್ಲ. ಪ್ರಭು ಯೇಸುವಿನ ಸಾಮತಿಯಲ್ಲಿ ಅವರು ಮಾಡಿದ ತಪ್ಪೆಂದರೆ ಕಂಡೂ ನಿಲ್ಲದೆ ಹೋದದ್ದು ಒಂದೇ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಪಾಪವನ್ನು ಒಪ್ಪಿಕೊಳ್ಳುವಾಗ ಆಲೋಚನೆ, ಮಾತು, ಕೃತ್ಯಗಳ ಜೊತೆಗೆ ಕರ್ತವ್ಯಲೋಪವನ್ನೂ ಹೆಸರಿಸುತ್ತೇವೆ. ಎದೆ ತಟ್ಟಿಕೊಳ್ಳುವ ಅವಸರದಲ್ಲಿ ಆ ಒಂದು ಪದ ಬಾಯಿಂದ ಜಾರಿಹೋಗುತ್ತದೆ. ಪಾಪನಿವೇದನೆಗೆ ಹೋದಾಗಲೂ ಮಾಡಿದ್ದನ್ನು ಎಣಿಸಿ ಹೇಳುತ್ತೇವೆ. ಮಾಡದೆ ಬಿಟ್ಟದ್ದನ್ನು ಎಣಿಸುವವರು ಎಷ್ಟು ಮಂದಿ?

ಆದ್ದರಿಂದ ಅಕ್ಕನ ಮಗಳ ಪ್ರಶ್ನೆಗೆ ಮೊದಲ ಉತ್ತರ ಇದು. ಎಲ್ಲರೂ ನಿಯಮದ ಪ್ರಕಾರ ನಡೆದುಕೊಂಡಾಗಲೂ ತಪ್ಪು ಇರಬಹುದು. ಅದು ವರ್ಷಕ್ಕೊಮ್ಮೆ ಯಾರೋ ಎತ್ತಬೇಕಾಗಿದ್ದ, ಎತ್ತದೆ ಬಿಟ್ಟ ಪ್ರಶ್ನೆಯಲ್ಲಿದೆ. ಒಬ್ಬರ ಮೇಲೆ ಹೊರಿಸಲಾಗದ ಈ ಬಗೆಯ ಪಾಪವನ್ನು ಜಗದ್ಗುರು ಎರಡನೇ ಜಾನ್ ಪೌಲರು ಪಾಪದ ಸಂರಚನೆಗಳೆಂಬ ಹೆಸರಿನಲ್ಲಿ 1987ರ ತಮ್ಮ ವಿಶ್ವಪತ್ರದಲ್ಲಿ ಚರ್ಚಿಸಿದ್ದಾರೆ. ವ್ಯವಸ್ಥೆ ತಾನಾಗಿ ಪಾಪ ಮಾಡುವುದಿಲ್ಲ, ಅನೇಕ ವ್ಯಕ್ತಿಗಳ ಸಣ್ಣಸಣ್ಣ ಸ್ವಾರ್ಥ ಮತ್ತು ಉದಾಸೀನ ಸೇರಿ ಅದು ಗಟ್ಟಿಯಾಗುತ್ತದೆ ಎಂಬುದು ಅವರ ಬೋಧನೆ. ಎಲ್ಲರ ಪಾಲೂ ಇದೆ ಎಂದರೆ ಯಾರ ಪಾಲೂ ಇಲ್ಲ ಎಂದಲ್ಲ.

ಇನ್ನೊಂದು ಪಕ್ಷದ ಮಾತು

ಆದರೆ ನ್ಯಾಯ ಹೇಳುವವರು ಎರಡೂ ಕಿವಿಯನ್ನು ತೆರೆದಿಡಬೇಕು. ಸರ್ಕಾರದ ಕೈಯಲ್ಲಿರುವುದು ಅಕ್ಷಯ ಪಾತ್ರೆಯಲ್ಲ. ಸ್ಕ್ಯಾನಿಂಗಿಗೆ ಹೆಚ್ಚು ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಮಾಡಬೇಕಾಗುತ್ತದೆ. ಇನ್ನೊಂದು ಕಡೆ ಇರುವವರೂ ರೋಗಿಗಳೇ.

ಹಣ ಹೆಚ್ಚಿಸಿದರೆ ಅದು ರೋಗಿಗೇ ತಲಪುತ್ತದೆಂಬ ಖಾತರಿಯೂ ಇಲ್ಲ. ಅದೇ ಆಸ್ಟ್ರೇಲಿಯಾದಲ್ಲಿ ಇದಕ್ಕೆ ಒಂದು ನಿದರ್ಶನ ನಡೆಯಿತು. 2004ರಲ್ಲಿ ಸರ್ಕಾರ ಒಂದು ಸುರಕ್ಷಾ ಜಾಲ ಹೆಣೆಯಿತು. ವರ್ಷದಲ್ಲಿ ರೋಗಿಯ ಕೈಯಿಂದ ಹೋದ ಅಂತರದ ಹಣ ಒಂದು ಮಿತಿ ಮೀರಿದರೆ, ಅದರಾಚೆಯ ಖರ್ಚಿನಲ್ಲಿ ನೂರಕ್ಕೆ 80 ಪಾಲನ್ನು ಸರ್ಕಾರವೇ ಭರಿಸುವ ಯೋಜನೆ ಅದು. ಸಮಾರಿಯದವನ ಮಾತಿಗೆ ಇದಕ್ಕಿಂತ ಹತ್ತಿರವಾದದ್ದು ಇನ್ನೇನಿದೆ? ಆದರೆ ಏನಾಯಿತು? ಕೆಲವು ವಿಭಾಗಗಳಲ್ಲಿ, ಮುಖ್ಯವಾಗಿ ಹೆರಿಗೆ ಮತ್ತು ಗರ್ಭಧಾರಣೆಯ ಚಿಕಿತ್ಸೆಗಳಲ್ಲಿ, ವೈದ್ಯರ ಶುಲ್ಕವೇ ಏರಿತು. ಹೇಗೂ ಸರ್ಕಾರ ಕೊಡುತ್ತದಲ್ಲ! ರೋಗಿಗೆಂದು ಇಟ್ಟ ಹಣದ ಬಹುಪಾಲು ಶುಲ್ಕದ ಏರಿಕೆಯಲ್ಲಿ ಕರಗಿಹೋಯಿತೆಂದು 2009ರ ಪರಿಶೀಲನೆ ತೋರಿಸಿತು. 2010ರ ಜನವರಿಯಿಂದ ಹೆರಿಗೆ ಸೇವೆಗಳ ಮೇಲೆ, ಗರ್ಭಿಣಿಯರ ಕೆಲವು ಸ್ಕ್ಯಾನಿಂಗಿನ ಮೇಲೂ, ಸರ್ಕಾರ ಗರಿಷ್ಠ ಮಿತಿ ಹಾಕಿತು.

ಇದರಿಂದ ನಾವು ಕಲಿಯಬೇಕಾದದ್ದೇನು? ಸಾಮತಿಯಲ್ಲಿ ಮೂರು ಜನರಿದ್ದಾರೆ ಎಂಬುದನ್ನು. ಹಣ ಕೊಡುವವನು, ಗಾಯಗೊಂಡವನು, ಛತ್ರದ ಯಜಮಾನ. ಹೆಚ್ಚಿಗೆ ಖರ್ಚಾದರೆ ಕೊಡುತ್ತೇನೆಂದು ಸಮಾರಿಯದವನು ಧೈರ್ಯದಿಂದ ಹೇಳಬೇಕಾದರೆ ಛತ್ರದ ಯಜಮಾನನ ಪ್ರಾಮಾಣಿಕತೆಯ ಮೇಲೆ ಅವನಿಗೆ ಭರವಸೆಯಿರಬೇಕು. ಎರಡು ನಾಣ್ಯದ ಆರೈಕೆಗೆ ಯಜಮಾನ ಹತ್ತು ನಾಣ್ಯದ ಲೆಕ್ಕ ಬರೆದರೆ, ಮುಂದಿನ ಸಲ ಯಾವ ಸಮಾರಿಯದವನೂ ಆ ಮಾತನ್ನು ಹೇಳಲಾರ. ದುರಾಸೆಯ ಪೆಟ್ಟು ಸರ್ಕಾರದ ಬೊಕ್ಕಸದ ಮೇಲೆ ಬಿದ್ದಂತೆ ಕಂಡರೂ ಕೊನೆಗೆ ಅದು ಬೀಳುವುದು ಮುಂದೆ ಬರಲಿರುವ ಗಾಯಾಳುವಿನ ಮೇಲೆ.

ಮತ್ತೊಂದು ಮಾತು ನಮ್ಮನ್ನು ಕುರಿತದ್ದು. ಪುಕ್ಕಟೆ ಎಂದಾಗ ಬೇಡದ ಪರೀಕ್ಷೆಯನ್ನೂ ಬರೆಸಿಕೊಳ್ಳುವ ಚಪಲ ಮನುಷ್ಯರಿಗೆ ಇದೆ. ವೈದ್ಯರು ಅಗತ್ಯವಿಲ್ಲ ಎಂದರೂ, “ಇರಲಿ ಡಾಕ್ಟ್ರೇ, ಒಂದ್ಸಲ ಸ್ಕ್ಯಾನಿಂಗ್ ಮಾಡಿಸಿಬಿಡಿ,” ಎನ್ನುವವರು ನಮ್ಮಲ್ಲಿ ಇಲ್ಲವೇ? ಸಾರ್ವಜನಿಕ ಹಣ ಎಂದರೆ ಯಾರದೂ ಅಲ್ಲದ ಹಣ ಎಂದು ತಿಳಿಯುವುದೂ ಒಂದು ಬಗೆಯ ಕಳ್ಳತನ. ಬೆವರು ಸುರಿಸಿ ಕೆಲಸ ಮಾಡುವ ನೆರೆಯವನ ಜೇಬಿನಿಂದಲೇ ಅದು ಬಂದಿರುತ್ತದೆ.

ಈ ಎಲ್ಲ ಆಕ್ಷೇಪಗಳೂ ನಿಜ. ಆದರೆ ಇವು ಶುಲ್ಕಕ್ಕೆ ಮಿತಿ ಹಾಕಲು, ಪರೀಕ್ಷೆಯ ಅಗತ್ಯವನ್ನು ತೂಗಿ ನೋಡಲು ಕಾರಣಗಳೇ ಹೊರತು, ಬಡವಳ ಪಾಲು ತಾನಾಗಿ ಕರಗಿಹೋಗಲು ಬಿಡುವುದಕ್ಕೆ ಕಾರಣಗಳಲ್ಲ. ದರ ನಿಂತುಹೋದಾಗ ದುರಾಸೆಯವನಿಗೆ ಶಿಕ್ಷೆಯಾಗಲಿಲ್ಲ, ಅವನು ಅಂತರವನ್ನು ರೋಗಿಯಿಂದ ವಸೂಲು ಮಾಡಿಕೊಂಡ. ನಷ್ಟವಾದದ್ದು ರೋಗಿಯಿಂದ ಕೇಳಲು ಮನಸ್ಸೊಪ್ಪದ ಪ್ರಾಮಾಣಿಕನಿಗೆ, ಮತ್ತು ಅಂತರ ತುಂಬಲಾಗದ ಬಡವಳಿಗೆ.

ಒಡಲೊಳಗಿನ ನೆರೆಯವನು

ಇದು ಕುಟುಂಬ ಮತ್ತು ವಿಶ್ವಾಸದ ಪುಟವಾದ್ದರಿಂದ ಇನ್ನೊಂದು ಸಂಗತಿ ಹೇಳದೆ ಬಿಡುವಂತಿಲ್ಲ. ಗರ್ಭಿಣಿಯ ಸ್ಕ್ಯಾನಿಂಗ್ ಎಂದರೆ ಕೆಲವು ವಿಶ್ವಾಸಿಗಳಿಗೆ ಅಳುಕು. ಅದಕ್ಕೆ ಕಾರಣವೂ ಇದೆ. ನಮ್ಮ ದೇಶದಲ್ಲಿ ಇದೇ ಯಂತ್ರ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಯಮನಾಯಿತು. ಆದ್ದರಿಂದಲೇ 1994ರ ಕಾನೂನು ಭ್ರೂಣಲಿಂಗ ಪತ್ತೆಯನ್ನು ಅಪರಾಧವೆಂದು ಸಾರಿತು. ಇಂದಿಗೂ ನಮ್ಮ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಆ ಫಲಕವನ್ನು ಕಾಣುತ್ತೇವೆ. ಬೇರೆ ಕಡೆ ಅಂಗವೈಕಲ್ಯ ಕಂಡಾಗ ಮಗುವೇ ಬೇಡ ಎಂಬ ತೀರ್ಮಾನಕ್ಕೂ ಇದು ದಾರಿಯಾಗಿದೆ. ಹಾಗಾದರೆ ಇದಕ್ಕೆ ಸಾರ್ವಜನಿಕ ಹಣ ಕೊಡಬೇಕೆಂದು ಕಥೋಲಿಕರಾದ ನಾವು ಕೇಳಬಹುದೇ?

ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. 1987ರ ‘ದೋನುಮ್ ವೀತೆ’ ಎಂಬ ಬೋಧನಾಪತ್ರವೂ 1995ರ ‘ಎವಾಂಜೆಲಿಯುಮ್ ವೀತೆ’ ಎಂಬ ವಿಶ್ವಪತ್ರವೂ ಈ ವಿಷಯವನ್ನು ವಿವೇಚಿಸಿವೆ. ತಾಯಿಗೂ ಮಗುವಿಗೂ ಮಿತಿಮೀರಿದ ಅಪಾಯವಿಲ್ಲದೆ, ಮಗುವಿನ ಪ್ರಾಣವನ್ನು ಕಾಯಲು, ಗುಣಪಡಿಸಲು ಅಥವಾ ಹುಟ್ಟಲಿರುವ ಮಗುವನ್ನು ಸ್ವೀಕರಿಸಲು ತಂದೆತಾಯಿಯನ್ನು ಸಿದ್ಧಪಡಿಸಲು ಮಾಡುವ ಪರೀಕ್ಷೆ ಒಳ್ಳೆಯದೇ. ದೋಷ ಕಂಡರೆ ಕೊಲ್ಲುವುದೆಂಬ ಉದ್ದೇಶದಿಂದ ಮಾಡುವುದು ಘೋರ ತಪ್ಪು. ಯಂತ್ರ ಒಂದೇ, ಅದನ್ನು ನೋಡುವ ಕಣ್ಣಿನ ಹಿಂದಿರುವ ಮನಸ್ಸು ಎರಡು.

ಗರ್ಭಿಣಿಯರಿಗೆ ಈ ವಿದ್ಯೆಯನ್ನು ತಂದವರಲ್ಲಿ ಮೊದಲಿಗರಾದ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ 1958ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಅವರು ದೈವಭಕ್ತ ಕ್ರೈಸ್ತರಾಗಿದ್ದು, ಬ್ರಿಟನ್ನಿನ 1967ರ ಗರ್ಭಪಾತ ಕಾನೂನನ್ನು ಬಹಿರಂಗವಾಗಿ ವಿರೋಧಿಸಿದವರು. ಆಸ್ಟ್ರೇಲಿಯಾದ ಪಾಲೂ ಸಣ್ಣದಲ್ಲ. 1962ರಲ್ಲೇ ಸಿಡ್ನಿಯ ಮಹಿಳಾ ಆಸ್ಪತ್ರೆಯೊಂದರಲ್ಲಿ ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿಗಳು ತಾವೇ ರೂಪಿಸಿದ ಯಂತ್ರದಿಂದ ಗರ್ಭದಲ್ಲಿನ ಮಗುವಿನ ಚಿತ್ರ ಪಡೆದಿದ್ದರು. ಆ ಮೊದಲಿಗರು ಹುಡುಕಿದ್ದು ಮಗುವನ್ನು ಕಾಪಾಡುವ ದಾರಿ.

ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋದ ಪ್ರಸಂಗವನ್ನು ನೆನೆಯಿರಿ. ಹುಟ್ಟಲಿದ್ದ ಪ್ರಭುವನ್ನು ಮೊದಲು ಗುರುತಿಸಿದ್ದು ಇನ್ನೂ ಹುಟ್ಟದ ಒಂದು ಕೂಸು, ತಾಯಿಯ ಒಡಲಲ್ಲೇ ನಲಿದಾಡಿ. ಆ ದಿನ ಯಂತ್ರವಿರಲಿಲ್ಲ, ಆದರೆ ಒಡಲೊಳಗಿರುವವನು ನಮ್ಮ ನೆರೆಯವನೆಂಬುದು ಅಂದೇ ಪ್ರಕಟವಾಯಿತು. ಇಪ್ಪತ್ತನೇ ವಾರದ ಸ್ಕ್ಯಾನಿಂಗಿನಲ್ಲಿ ಹೃದಯದ ನಾಲ್ಕು ಕೋಣೆಗಳನ್ನು, ಬೆನ್ನುಹುರಿಯನ್ನು, ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದನ್ನು ನೋಡುತ್ತಾರೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಿದ್ದರೆ ಮೊದಲೇ ತಿಳಿಯುವುದರಿಂದ ಹೆರಿಗೆಯಲ್ಲಿ ರಕ್ತಸ್ರಾವದಿಂದ ತಾಯಿ ಸಾಯುವುದನ್ನು ತಪ್ಪಿಸಬಹುದು. ಹೃದಯದಲ್ಲಿ ದೋಷವಿದ್ದರೆ ಹುಟ್ಟಿದ ಕೂಡಲೇ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಬಹುದು. ಹೀಗೆ ಕಾಯಲೆಂದೇ ನೋಡುವ ನೋಟ ಹಣವುಳ್ಳವರ ಮಗುವಿಗೆ ಮಾತ್ರ ಸಿಗಬೇಕು, ಇಲ್ಲದವರ ಮಗುವಿಗೆ ಸಂಬಳದ ದಿನ ಬರುವವರೆಗೆ ಕತ್ತಲೆ ಎಂದರೆ, ಜೀವದ ಪರ ನಾವು ಆಡುವ ಮಾತಿಗೆ ಬೆಲೆಯೇನು? ಜನಿಸದ ಶಿಶುವಿನ ಹಕ್ಕನ್ನು ಕುರಿತು ಗಟ್ಟಿಯಾಗಿ ಮಾತನಾಡುವ ನಾವು, ಆ ಶಿಶುವಿನ ತಾಯಿ ಕೌಂಟರಿನ ಮುಂದೆ ನಿಂತಾಗಲೂ ಅವಳ ಪರವಾಗಿ ಅಷ್ಟೇ ಗಟ್ಟಿಯಾಗಿ ಮಾತನಾಡಬೇಕು.

ನಮ್ಮ ಮನೆಯ ಅಂಗಳದಲ್ಲಿ

ದೂರದ ದೇಶದ ಈ ವಿಷಯ ನಮಗೇಕೆ ಎನ್ನಬೇಡಿ. ನಮ್ಮಲ್ಲೂ ಈಗ ಸರ್ಕಾರದ ವಿಮೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ವೆಚ್ಚ ಕೊಡುತ್ತದೆ. ಅದು ದೊಡ್ಡ ಉಪಕಾರ. ಆದರೆ ಅದು ಮೂಲತಃ ಆಸ್ಪತ್ರೆಗೆ ದಾಖಲಾದವರಿಗಾಗಿ. ಹೊಟ್ಟೆನೋವೆಂದು ಹೊರರೋಗಿಯಾಗಿ ಹೋಗಿ ಖಾಸಗಿ ಕೇಂದ್ರದಲ್ಲಿ ಮಾಡಿಸುವ ಸ್ಕ್ಯಾನಿಂಗ್ ನಮ್ಮ ಕೈಯ ಖರ್ಚೇ. ರೋಗ ಬಲಿತ ಮೇಲೆ ಲಕ್ಷಗಟ್ಟಲೆ ಸಿಗುತ್ತದೆ, ಬಲಿಯುವ ಮುನ್ನ ಕಂಡುಕೊಳ್ಳಲು ಬೇಕಾದ ಸಾವಿರ ಸಿಗುವುದಿಲ್ಲ.

ಗರ್ಭಿಣಿಯರ ಮಟ್ಟಿಗೆ ನಮ್ಮ ಸ್ಥಿತಿ ಕಾಗದದ ಮೇಲಾದರೂ ಉತ್ತಮವಾಗಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಸೇರಿದಂತೆ ಪರೀಕ್ಷೆಗಳು ಉಚಿತ. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆಯ ಅಭಿಯಾನವೂ ನಡೆಯುತ್ತಿದೆ. ನಮ್ಮ ಧರ್ಮಕೇಂದ್ರದ ಎಷ್ಟು ಕುಟುಂಬಗಳಿಗೆ ಇದು ಗೊತ್ತು? ಭಾನುವಾರದ ಪ್ರಕಟಣೆಗಳಲ್ಲಿ ಹಬ್ಬದ ವಂತಿಗೆಯ ವಿವರ ಓದುವಾಗ ಈ ಒಂದು ಸಾಲನ್ನೂ ಸೇರಿಸಬಾರದೇ?

ಜಗದ್ಗುರು ಇಪ್ಪತ್ತಮೂರನೇ ಜಾನರು 1963ರ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಇರಿಸಿದರು. ಹಕ್ಕು ಎಂದ ಮೇಲೆ ಅದು ಭಿಕ್ಷೆಯಲ್ಲ. ಬಡರೋಗಿಯ ಕೈಗೆ ನಾವು ನೂರು ರೂಪಾಯಿ ಇಡುವುದು ಪುಣ್ಯ. ಆದರೆ ಆ ನೂರು ರೂಪಾಯಿ ಬೇಡುವ ಸ್ಥಿತಿ ಅವನಿಗೆ ಬಾರದಂತೆ ನೋಡಿಕೊಳ್ಳುವುದು ನ್ಯಾಯ. ಪುಣ್ಯದ ಹೆಸರಿನಲ್ಲಿ ನ್ಯಾಯವನ್ನು ಮುಂದೂಡಬಾರದು, ನ್ಯಾಯ ಬರಲಿ ಎಂದು ಕಾಯುತ್ತ ಪುಣ್ಯವನ್ನೂ ಮುಂದೂಡಬಾರದು. 1838ರಲ್ಲಿ ಸಿಡ್ನಿಗೆ ಬಂದಿಳಿದ ಸಿಸ್ಟರ್ಸ್ ಆಫ್ ಚಾರಿಟಿ ಕನ್ಯಾಸ್ತ್ರೀಯರು ಯಾವ ಸರ್ಕಾರಿ ವಿಮೆಗೂ ಕಾಯಲಿಲ್ಲ. 1857ರಲ್ಲಿ ಬಡವರಿಗಾಗಿ ಸಂತ ವಿನ್ಸೆಂಟರ ಹೆಸರಿನ ಆಸ್ಪತ್ರೆ ತೆರೆದರು. ನೂರಕ್ಕೂ ಹೆಚ್ಚು ವರ್ಷಗಳ ನಂತರ ದೇಶವೇ ಆ ಹೊಣೆಯ ಒಂದು ಪಾಲನ್ನು ಹೊತ್ತಾಗ, ಕನ್ಯಾಸ್ತ್ರೀಯರ ಕನಿಕರ ಕಾನೂನಿನ ರೂಪ ತಾಳಿತೆಂದು ನಾವು ಸಂತೋಷಪಡಬೇಕು. ಕಾನೂನು ಸೊರಗಿದಾಗ ಅದೇ ಕಾರಣಕ್ಕೆ ದುಃಖಿಸಲೂಬೇಕು.

ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ನಾವು ಎಂದೋ ಗೊತ್ತುಮಾಡಿ ಮರೆತ ಅಂಕಿಗಳು ಎಷ್ಟಿವೆ? ಮನೆಗೆಲಸದವಳ ಸಂಬಳ, ತಾಯಿಗೆ ಕಳಿಸುವ ಹಣ, ಕಾಣಿಕೆ ತಟ್ಟೆಗೆ ಹಾಕುವ ಹತ್ತು ರೂಪಾಯಿ. ಕಡಿಮೆ ಮಾಡಿಲ್ಲವೆಂಬ ಸಮಾಧಾನದಲ್ಲಿ ಎಷ್ಟು ವರ್ಷ ಮಲಗಿದ್ದೇವೆ? ಸರ್ಕಾರವನ್ನು ಕೇಳುವ ಮುನ್ನ ಈ ಲೆಕ್ಕ ತೀರಿಸೋಣ. ಕೇಳಬೇಡಿ ಎನ್ನುತ್ತಿಲ್ಲ, ಶುದ್ಧ ಕೈಯಿಂದ ಕೇಳೋಣ ಎನ್ನುತ್ತಿದ್ದೇನೆ.

ಅಕ್ಕನ ಮಗಳ ಆ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಮೊನ್ನೆ ಫೋನಿನಲ್ಲಿ ಅವಳ ತಾಯಿ ಇನ್ನೊಂದು ಸುದ್ದಿ ಹೇಳಿದಳು. ಅವಳ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದ ಬಸುರಿಯರಿಗೆ, ಎಲ್ಲಿ ಪುಕ್ಕಟೆ ಸ್ಕ್ಯಾನಿಂಗ್ ಆಗುತ್ತದೆ, ಯಾವ ರೈಲು ಹಿಡಿಯಬೇಕು ಎಂದು ಅವಳೇ ಹೇಳಿಕೊಡುತ್ತಾಳಂತೆ. ಕೆಲವರ ಜೊತೆ ತಾನೇ ಹೋಗಿಬರುತ್ತಾಳಂತೆ. “ಇನ್ನೇನು ಮಾಡಲಿ ಚಿಕ್ಕಮ್ಮ, ನನ್ನಿಂದ ಆಗೋದು ಇಷ್ಟೇ,” ಎಂದಳು.

ಇಷ್ಟೇ ಅಲ್ಲ, ಮಗಳೇ. ಸಮಾರಿಯದವನು ಹಿಂದಿರುಗಿ ಬಂದನೇ ಇಲ್ಲವೇ ಎಂದು ಶುಭಸಂದೇಶ ಹೇಳುವುದಿಲ್ಲ. ಹೋಗು, ನೀನೂ ಹಾಗೆಯೇ ಮಾಡು ಎಂಬ ಆಜ್ಞೆಯೊಂದಿಗೆ ಪ್ರಭು ಆ ಮಾತನ್ನು ನಮ್ಮ ಕೈಗೆ ಒಪ್ಪಿಸಿದ್ದಾರೆ. ಛತ್ರದ ಬಾಗಿಲಲ್ಲಿ ಲೆಕ್ಕ ಇನ್ನೂ ತೆರೆದೇ ಇದೆ. ಆ ದಾರಿಯಾಗಿ ಹಿಂದಿರುಗಿ ಹೋಗಬೇಕಾದವರು ನಾವು.